ಒಂದು, ಎರಡು, ನಾಲ್ಕು

ಕಾನೂನು ಎಂದರೆ ಕಲ್ಲಿನಲ್ಲಿ ಕೊರೆದದ್ದು ಎಂದು ನಂಬಿಕೊಂಡವರು ಅಂಟಕ್ಕನ ಕೋಣೆಗೆ ಒಂದು ಸಲ ಬಂದು ಹೋಗಬೇಕಿತ್ತು. ವಲಸೆ ಮತ್ತು ಪೌರತ್ವ ಕಚೇರಿಯ ಮಹಡಿ ಮೆಟ್ಟಿಲ ಕೆಳಗೆ, ತಲೆ ತಗ್ಗಿಸದೆ ಒಳಗೆ ನುಗ್ಗಿದರೆ ಹಣೆ ಒಡೆಯುವಂಥ ಇಳಿಜಾರು ಕೋಣೆ ಅದು. ಒಳಗೆ ಒಂದು ಮೇಜು, ಕಾಗದ ಕತ್ತರಿಸುವ ಉದ್ದ ಹಿಡಿಯ ಕತ್ತಿ, ಗೋಂದಿನ ಬಟ್ಟಲು, ಕೂದಲು ಉದುರಿದ ಕುಂಚ, ಒಂದು ಕೆಂಪು ಮೊಹರು. ದೇಶದಲ್ಲಿ ಯಾರು ಇರಬಹುದು, ಯಾರು ಗಂಟುಮೂಟೆ ಕಟ್ಟಬೇಕು ಎಂದು ಹೇಳುವ ಮಹಾ ಕಾಯ್ದೆ ಮೂವತ್ತಾರು ವರ್ಷ ನಿಂತಿದ್ದು ಆ ಬಟ್ಟಲಿನ ಗೋಂದಿನ ಮೇಲೆ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ರಾಜಧಾನಿಯಲ್ಲಿ ದೊಡ್ಡವರು ಕೂತು ಕಾಯ್ದೆಯ ಒಂದು ಕಲಮನ್ನು ತಿದ್ದುತ್ತಾರೆ. ತಿದ್ದಿದಾಗಲೆಲ್ಲ ಹೊಸ ಪುಸ್ತಕ ಅಚ್ಚು ಹಾಕಿಸುವ ತಾಳ್ಮೆ ಯಾರಿಗೂ ಇಲ್ಲ. ಹೊಸ ಮಾತುಗಳಷ್ಟನ್ನು ಹಾಳೆಯಲ್ಲಿ ಅಚ್ಚು ಹಾಕಿ ಕಳಿಸುತ್ತಾರೆ. ಕಚೇರಿಯಲ್ಲಿದ್ದ ಕಾಯ್ದೆ ಪುಸ್ತಕ ಏಳು ಪ್ರತಿ. ಏಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಕತ್ತಿಯ ಕೆಳಗಿಟ್ಟು, ಒಂದೇ ಏಟಿಗೆ ಕತ್ತರಿಸಬೇಕು. ಆ ಚೀಟಿಗಳನ್ನು ಏಳು ಪುಸ್ತಕದಲ್ಲೂ ಹಳೆಯ ಮಾತಿನ ಮೇಲೆ ಅಂಟಿಸಬೇಕು. ಯಾವುದಾದರೂ ಕಲಮು ಪೂರ್ತಿ ಸತ್ತರೆ ಅದರ ಮೇಲೆ ‘ರದ್ದು’ ಎಂದು ಕೆಂಪು ಮೊಹರು ಒತ್ತಬೇಕು. ಈ ಕೆಲಸ ಮಾಡುವವಳಿಗೆ ಕಚೇರಿಯ ಪಟ್ಟಿಯಲ್ಲಿ ಮೊಳದುದ್ದದ ಹುದ್ದೆಯ ಹೆಸರಿತ್ತು. ಬಾಯಲ್ಲಿ ಮಾತ್ರ ಎಲ್ಲರಿಗೂ ಅಂಟಕ್ಕ, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಜವಾನರಿಗೂ ಅಂಟಕ್ಕ.

ಕೆಲಸ ಕಲಿಸಿದ ಮುದುಕನನ್ನು ಕತ್ತರಿ ಮೇಷ್ಟ್ರು ಅನ್ನುತ್ತಿದ್ದರು. ಅವರು ಹೇಳಿಕೊಟ್ಟಿದ್ದು ಎರಡೇ ಮಾತು. “ಗೆರೆ ಮೇಲೇ ಕತ್ತರಿಸು, ಕೂದಲೆಳೆಯಷ್ಟೂ ಆಚೆ ಹೋಗ್ಬೇಡ. ಇನ್ನೊಂದು, ಮೊಹರು ಬೀಳದೆ ಯಾವ ಕಲಮೂ ಸಾಯಲ್ಲ. ಮಿಕ್ಕಿದ್ದನ್ನ ಗೋಂದು ನೋಡ್ಕೊಳ್ಳುತ್ತೆ.” ಅಂಟಕ್ಕ ಎರಡನ್ನೂ ಗಂಟು ಹಾಕಿಕೊಂಡಳು. ಅವುಗಳಲ್ಲಿ ಒಂದು ಗಂಟು ಮುಂದೆ ಬಿಚ್ಚಿಹೋಯಿತು, ಆ ವಿಷಯ ಆಮೇಲೆ.

ಹದಿನಾಲ್ಕೇ ವರ್ಷದಲ್ಲಿ ಅವಳಿಗೆ ಈ ಕಾಯ್ದೆಯ ಜಾತಕವೆಲ್ಲ ತಿಳಿದುಹೋಯಿತು. ಗೋಂದು ತಿಂದು ದಪ್ಪಗಾದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಒಂದರ ಕೆಳಗೊಂದು ಚೀಟಿ ಕಾಣುತ್ತಿತ್ತು. ಎಲ್ಲಕ್ಕಿಂತ ಅಡಿಯಲ್ಲಿ ಮೊಟ್ಟಮೊದಲ ಕಾನೂನು: ಎರಡು ವರ್ಷ ಇಲ್ಲಿ ನೆಲೆಸಿ ನೆಟ್ಟಗೆ ಬಾಳಿದವನು ಇಲ್ಲಿಯವನು. ಆಹಾ, ಎಂಥ ಧಾರಾಳ! ಆಗ ಕಾಡು ಕಡಿಯಲು, ರೈಲು ಹಳಿ ಹಾಸಲು ಕೈ ಬೇಕಿತ್ತು, ಅದಕ್ಕೆ. ಹಳಿ ಹಾಸಿ ಮುಗಿದ ಮೇಲೆ ಒಂದು ಚೀಟಿ ಬಂತು, ಇಂಥಿಂಥ ಮುಖದವರು ಎಷ್ಟು ವರ್ಷ ಬಾಳಿದರೂ ಇಲ್ಲಿಯವರಲ್ಲ ಅಂತ. ಹಳಿ ಹಾಸಿದವರ ಮುಖವೇ ಆ ಮುಖ ಎಂದು ಬೇರೆ ಹೇಳಬೇಕೆ? ಅದರ ಮೇಲೆ ಇನ್ನೊಂದು: ವರ್ಷಕ್ಕೆ ಇಂತಿಷ್ಟೇ ತಲೆ, ಅದೂ ನಲವತ್ತು ವರ್ಷ ಹಿಂದಿನ ಜನಗಣತಿಯ ಪ್ರಕಾರ, ಅಂದರೆ ಬೇಡದವರು ಇನ್ನೂ ಬಂದೇ ಇರದಿದ್ದ ಕಾಲದ ಪ್ರಕಾರ. ಆಮೇಲೆ ಯುದ್ಧ ಬಂತು, ಸಿಪಾಯಿಗಳು ಬೇಕಾದರು, ಮುಖದ ಚೀಟಿಗೆ ಕೆಂಪು ಮೊಹರು ಬಿತ್ತು. ಯುದ್ಧ ಮುಗಿದದ್ದೇ ಓದುಬರಹದ ಪರೀಕ್ಷೆ ಬಂತು. ಪರೀಕ್ಷೆ ಮಾಡುತ್ತಿದ್ದ ಗುಮಾಸ್ತರನ್ನೇ ಕೂರಿಸಿದ್ದರೆ ಅರ್ಧ ಜನ ಗಡಿ ದಾಟಬೇಕಾಗುತ್ತಿತ್ತು. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಎಂಬ ಗಾದೆಯನ್ನು ಕಲಮು ಕಲಮಾಗಿ ಒಡೆದು ಬರೆದರೆ ಈ ಕಾಯ್ದೆ ಆಗುತ್ತದೆ ಎಂದು ಅಂಟಕ್ಕ ಎಲ್ಲರೆದುರೇ ಅನ್ನುತ್ತಿದ್ದಳು. ಅಂಟಿಸುವವಳ ಮಾತನ್ನು ಯಾರು ತಲೆಗೆ ಹಾಕಿಕೊಳ್ಳುತ್ತಾರೆ? ನಕ್ಕು ಮುಂದೆ ಹೋಗುತ್ತಿದ್ದರು.

ಈ ತಾತ್ಸಾರ ಅವಳಿಗೆ ಬಳುವಳಿಯಾಗಿ ಬಂದದ್ದು. ಅವಳಮ್ಮ ಹುಟ್ಟಿದ್ದು ಇದೇ ಊರಿನಲ್ಲಿ, ಹೊಳೆಯ ಈಚೆ ದಡದಲ್ಲಿ. ಮದುವೆಯಾಗಿದ್ದು ಆಚೆ ದಡದಿಂದ ಬಂದ ಗರಗಸದವನನ್ನು. ಹೊಳೆಯೇ ಎರಡು ದೇಶಗಳ ಗಡಿ. ಹೊರಗಿನವನನ್ನು ಕಟ್ಟಿಕೊಂಡ ಹೆಣ್ಣು ಹೊರಗಿನವಳೇ ಎಂಬ ಚೀಟಿ ಆಗ ಪುಸ್ತಕದಲ್ಲಿತ್ತು. ಹೊರಗಿನವಳನ್ನು ಕಟ್ಟಿಕೊಂಡ ಗಂಡಿಗೆ ಮಾತ್ರ ಏನೂ ಆಗುತ್ತಿರಲಿಲ್ಲ, ನೋಡಿ. ಹೀಗೆ ಈ ನೆಲದಲ್ಲಿ ಹುಟ್ಟಿದ ಮಗಳು ಇಲ್ಲಿಯವಳು, ಇದೇ ನೆಲದಲ್ಲಿ ಹುಟ್ಟಿ ಅವಳನ್ನು ಹೆತ್ತವಳು ಹೊರಗಿನವಳು. ಅಮ್ಮ ಪ್ರತಿ ಸೋಮವಾರ ತಾನು ಕುಂಟೆಬಿಲ್ಲೆ ಆಡಿದ ಬೀದಿಯ ಠಾಣೆಗೆ ಹೋಗಿ, ಓಡಿಹೋಗಿಲ್ಲ ಎಂಬುದಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದಳು. ಅಂಟಕ್ಕ ಕೆಲಸಕ್ಕೆ ಸೇರಿದ ಎರಡನೇ ವರ್ಷ ಆ ಕಲಮು ಸತ್ತಿತು. ಏಳು ಪುಸ್ತಕದಲ್ಲೂ ಮೊಹರನ್ನು ಅವಳು ಎಷ್ಟು ಜೋರಾಗಿ ಕುಕ್ಕಿದಳೆಂದರೆ ಕತ್ತರಿ ಮೇಷ್ಟ್ರು, “ಮೆಲ್ಲಗಮ್ಮಾ, ಸತ್ತಿದ್ದನ್ನ ಮತ್ತೆ ಸಾಯಿಸ್ತೀಯಾ?” ಎಂದು ಕೇಳಿದರು. ಅಮ್ಮನನ್ನು ಕರೆದುಕೊಂಡು ಹೋಗಿ ಗುಮಾಸ್ತನ ಮುಂದೆ ನಿಲ್ಲಿಸಿದರೆ ಅವನು, “ಹೊರಗಿನ ರಾಜನ ಮೇಲಿನ ನಿಷ್ಠೆ ಬಿಟ್ಟಿದ್ದೀನಿ ಅಂತ ಪ್ರಮಾಣ ಮಾಡಿ,” ಅಂದ.

“ನಾನು ಈ ಬೀದಿ ಬಿಟ್ಟು ಎಲ್ಲಿಗೂ ಹೋಗಿಲ್ಲಪ್ಪಾ, ಯಾವ ರಾಜನ್ನ ಬಿಡ್ಲಿ? ಇದ್ದೋನೊಬ್ಬ ಗಂಡ, ಅವನೂ ಹೋಗಿ ಆರು ವರ್ಷ ಆಯ್ತು,” ಅಂದಳು ಅಮ್ಮ. ಗುಮಾಸ್ತ ಅದನ್ನೇ ಪ್ರಮಾಣ ಎಂದು ಬರೆದುಕೊಂಡ.

ಅಂಟಕ್ಕನ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದದ್ದರಿಂದ ಮಾತು ಕಡಿಮೆ. ಮನೆಯ ಮಾತನ್ನೆಲ್ಲ ಅಂಟಕ್ಕನೂ ಅವಳ ಅತ್ತೆಯೂ ಹಂಚಿಕೊಂಡು ಆಡುತ್ತಿದ್ದರು. ಅತ್ತೆ ಹರೆಯದಲ್ಲಿ ಆಚೆ ದಡದಿಂದ ಬಂದು ನೂಲಿನ ಗಿರಣಿ ಸೇರಿ, ಇಲ್ಲಿಯ ದಾಖಲೆಯಲ್ಲಿ ಹೆಸರು ಬರೆಸಿಕೊಂಡವಳು. ಹೆರಿಗೆಗೆಂದು ತಾಯಿಯ ಹತ್ತಿರ ಹೋಗಿ, ಮೂರು ತಿಂಗಳ ಮಗನನ್ನು ಎತ್ತಿಕೊಂಡು ದೋಣಿಯಲ್ಲಿ ವಾಪಸು ಬಂದಳು. ಮಗನ ಹೆಸರಿಗೆ ಬೇರೆ ಅರ್ಜಿ ಯಾಕೆ ಹಾಕಲಿಲ್ಲ ಅಂದರೆ, “ಕೈಗೂಸಿಗೆ ಅರ್ಜಿ ಬೇಡ ಅಂದ್ರು ಕಣೇ. ಕಾನೂನಲ್ಲೇ ಇದೆಯಂತೆ,” ಅನ್ನುತ್ತಿದ್ದಳು.

“ಅತ್ತೇ, ಕಾನೂನು ಅಂಟಿಸೋಳು ನಾನೋ ನೀವೋ?” ಎಂದು ಸೊಸೆ ಕೇಳುತ್ತಿದ್ದಳು. “ಪುಸ್ತಕದಲ್ಲಿ ಇಲ್ಲದೆ ಇರೋದು ನಿಮ್ಮ ಬಾಯಲ್ಲಿ ಮಾತ್ರ ಇದೆ.” ಅತ್ತೆ ಮೂತಿ ತಿರುಗಿಸಿ ಒಳಗೆ ಹೋಗುತ್ತಿದ್ದಳು. ಹದಿನೈದು ವರ್ಷದ ಹಿಂದೆ ತೀರಿಕೊಂಡಳು, ಆ ಜಗಳದಲ್ಲಿ ಸೋತವಳಾಗಿಯೇ.

ದರ್ಜಿಯ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೆಣೆದು ಗುಂಡಿ ಹಾಕಲು ಒಬ್ಬ ಹೆಂಗಸಿದ್ದಳು. ಎಲ್ಲರೂ ಕಾಜಾದವಳು ಅನ್ನುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಅವಳು ಬಾಡಿಗೆಗಿದ್ದ ಕೋಣೆಯ ಮಾಲೀಕ, ಕೋಣೆ ಖಾಲಿ ಮಾಡಿಸುವ ಸುಲಭದ ದಾರಿ ಹುಡುಕಿ, ಇವಳು ಆಚೆ ದಡದವಳು ಎಂದು ದೂರು ಬರೆದ. ದೂರು ಬಂದವರನ್ನಷ್ಟೇ ಆಗ ವಿಚಾರಿಸುತ್ತಿದ್ದರು. ನೋಟಿಸು ಹಿಡಿದುಕೊಂಡು ಕಾಜಾದವಳು ಮೆಟ್ಟಿಲ ಕೆಳಗಿನ ಕೋಣೆಗೆ ಬಂದಳು.

“ಅಕ್ಕಾ, ನಮ್ಮಮ್ಮ ನನ್ನನ್ನ ಎತ್ಕೊಂಡು ಬಂದಿದ್ಳು. ಅವಳ ಹೆಸರು ದಾಖಲೆಯಲ್ಲಿತ್ತು. ಕೈಗೂಸಿಗೆ ಅರ್ಜಿ ಬೇಡ ಅಂತ ಕಾನೂನಿದೆ ಅಂತಿದ್ಳು. ಸ್ವಲ್ಪ ನೋಡ್ತೀರಾ?”

ಅಂಟಕ್ಕ ಪುಸ್ತಕ ತೆಗೆದು ನಲವತ್ತೊಂದನೇ ಪುಟ ಬಿಚ್ಚಿದಳು. ಒಂಬತ್ತನೇ ಕಲಮು. ಒಂದನೆಯ ಉಪಕಲಮು, ಇಲ್ಲಿ ಹುಟ್ಟಿದವರ ವಿಷಯ. ಎರಡನೆಯದು, ಹೊರಗೆ ಹುಟ್ಟಿದವರು ಇಪ್ಪತ್ತೊಂದು ತುಂಬುವುದರೊಳಗೆ ತಾವೇ ಅರ್ಜಿ ಹಾಕಿರದಿದ್ದರೆ ಹೊರಗಿನವರು. ಅದರ ಕೆಳಗೆ ನಾಲ್ಕನೆಯದು, ದತ್ತು ಮಕ್ಕಳದು.

“ಕಣ್ಬಿಟ್ಟು ನೋಡು. ಒಂದು, ಎರಡು, ನಾಲ್ಕು. ಎಲ್ಲಿದೆ ನಿನ್ನ ಕೈಗೂಸು?” ಎಂದಳು. “ನಮ್ಮತ್ತೆನೂ ಇದೇ ಪುರಾಣ ಹೇಳ್ತಿದ್ರು. ಗಿರಣಿ ಹೆಂಗಸರು ಹೇಳಿದ್ದೆಲ್ಲ ಕಾನೂನಾಗಿದ್ರೆ ನಾನ್ಯಾಕೆ ಇಲ್ಲಿ ಗೋಂದು ಕಲೆಸ್ಕೊಂಡು ಕೂತಿರ್ತಿದ್ದೆ?”

“ಮೇಲ್ಮನವಿ ಹಾಕ್ಬಹುದಾ?”

“ಅಲ್ಲಿರೋದೂ ಇದೇ ಪುಸ್ತಕ ಕಣಮ್ಮ, ನಾನೇ ಅಂಟಿಸಿದ್ದು. ಸುಮ್ನೆ ಅಲೆದಾಟ.”

ಕಾಜಾದವಳು ತಲೆಯಾಡಿಸಿದಳು. ಮುಂದಿನ ವಾರ ಅವಳನ್ನೂ ಅವಳ ಮಗಳನ್ನೂ ಸೇತುವೆ ದಾಟಿಸಿ ಬಿಟ್ಟು ಬಂದರು. ಅವಸರದಲ್ಲಿ ಅವಳ ಸಣ್ಣ ಕತ್ತರಿ ಅಂಗಡಿಯಲ್ಲೇ ಉಳಿಯಿತು. ದರ್ಜಿ ಅದನ್ನು ಗೋಡೆಯ ಮೊಳೆಗೆ ನೇತುಹಾಕಿದ. ಅಂಟಕ್ಕನಿಗೆ ಎರಡು ದಿನ ಬೇಜಾರಾಯಿತು, ಆಮೇಲೆ ಮರೆತಳು.

ನಿವೃತ್ತಿಗೆ ಮೂರು ತಿಂಗಳಿದ್ದಾಗ ರಾಜಧಾನಿಯ ದೊಡ್ಡವರಿಗೆ ಹೊಸ ಹುಕಿ ಬಂತು. ದೂರಿರಲಿ ಇಲ್ಲದಿರಲಿ, ಊರಿನ ಪ್ರತಿಯೊಬ್ಬರೂ ಎಲ್ಲಿ ಹುಟ್ಟಿದರು ಎಂದು ಹೊಸದಾಗಿ ವಿಚಾರಿಸಬೇಕಂತೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ದರ್ಜಿಗೂ ನೋಟಿಸು ಬಂತು. ಹೊರಗೆ ಹುಟ್ಟಿದವನು, ಅರ್ಜಿ ಹಾಕಿಲ್ಲ, ಒಂಬತ್ತನೇ ಕಲಮಿನ ಎರಡನೆಯ ಉಪಕಲಮಿನ ಪ್ರಕಾರ ಹೊರಗಿನವನು, ಮೂವತ್ತು ದಿನದಲ್ಲಿ ಹೊಳೆಯಾಚೆ ಹೋಗತಕ್ಕದ್ದು. ಅರವತ್ತೊಂದು ವರ್ಷದ ಮನುಷ್ಯ. ಅರ್ಧ ಊರಿನ ಸೊಂಟದ ಅಳತೆ ಅವನಿಗೆ ಬಾಯಿಪಾಠ. ಆಚೆ ದಡದಲ್ಲಿ ಅವನ ಪಾಲಿಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ನೋಟಿಸನ್ನು ಅಂಟಕ್ಕ ಮೂರು ಸಲ ಓದಿದಳು. ಅವಳು ಯಾರಿಗೂ ಸಲಾಮು ಹೊಡೆದವಳಲ್ಲ. ಆದರೂ ಮಹಡಿ ಹತ್ತಿ ದೊಡ್ಡ ಅಧಿಕಾರಿಯ ಮುಂದೆ ಕೈಮುಗಿದು ನಿಂತಳು. ಅವರನ್ನು ಕಚೇರಿಯೆಲ್ಲ ನೋಡೋಣ ಸಾಹೇಬರು ಅನ್ನುತ್ತಿತ್ತು. ಊಟ ಮಾಡ್ತೀರಾ ಎಂದು ಹೆಂಡತಿ ಕೇಳಿದರೂ ‘ನೋಡೋಣ’ ಅನ್ನುವ ಪೈಕಿ, ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲೇ ಬಡ್ತಿ ಪಡೆದವರು. ಅವರು ಪುಸ್ತಕ ತಿರುಗಿಸಿ ಪುಟ ತೋರಿಸಿದರು.

“ನೀವೇ ಅಂಟಿಸಿದ್ದಲ್ವಾ ಅಂಟಕ್ಕ? ನಿಮಗೆ ನಾನೇನು ಹೇಳ್ಲಿ. ಒಂದು, ಎರಡು, ನಾಲ್ಕು. ಇದರಲ್ಲಿ ಯಾವುದಕ್ಕೆ ನಿಮ್ಮ ಯಜಮಾನರು ಬರ್ತಾರೆ?”

“ಮೂರು ಎಲ್ಲಿ ಸಾರ್?” ಬಾಯಿಂದ ತಾನಾಗಿ ಬಂತು ಆ ಪ್ರಶ್ನೆ.

“ಮೂರು ರದ್ದಾಗಿರ್ಬೇಕು.”

ಹೌದು, ಎಲ್ಲರೂ ಹಾಗೇ ಅಂದುಕೊಂಡಿದ್ದರು. ಕಾನೂನು ಪುಸ್ತಕದಲ್ಲಿ ನಡುವೆ ಅಂಕಿ ಕಾಣೆಯಾಗುವುದು ಹೊಸದಲ್ಲ. ಆದರೆ ರದ್ದಾದ ಪ್ರತಿಯೊಂದರ ಜಾಗದಲ್ಲೂ ಕೆಂಪು ಮೊಹರಿರಬೇಕು. ಅಂಟಕ್ಕ ಬಗ್ಗಿ ನೋಡಿದಳು. ಎರಡಕ್ಕೂ ನಾಲ್ಕಕ್ಕೂ ನಡುವೆ ಇದ್ದದ್ದು ಬರೀ ಬಿಳಿ ಜಾಗ. ಅದರ ಮೇಲೆ ಹೆಬ್ಬೆರಳು ಎಳೆದಳು. ಮೂವತ್ತಾರು ವರ್ಷ ಕಾಗದ ಸವರಿದ ಬೆರಳು ಅದು. ಬಿಳಿಯ ಕೆಳಗೆ ಇನ್ನೊಂದು ಕಾಗದದ ದಪ್ಪ ಸಿಕ್ಕಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತನ್ನ ಕೋಣೆಯಲ್ಲಿ ನೀರು ಕಾಯಿಸಿ, ಬಟ್ಟೆ ಅದ್ದಿ ಹಿಂಡಿ, ಆ ಪುಟದ ಮೇಲೆ ಒತ್ತಿ ಕೂತಳು. ಗೋಂದು ಮೆತ್ತಗಾದ ಮೇಲೆ ಉಗುರಿನಿಂದ ಅಂಚು ಎಬ್ಬಿಸಿದಳು. ಎರಡನೆಯ ಉಪಕಲಮಿನ ಚೀಟಿಯ ಕೆಳಗೆ ಬೆರಳಗಲ ಬಿಳಿ ಅಂಚಿತ್ತು. ಆ ಅಂಚು ಮೂರು ಸಾಲುಗಳನ್ನು ಮುಚ್ಚಿಕೊಂಡಿತ್ತು. ‘(೩) ದಾಖಲೆಯಲ್ಲಿ ಹೆಸರಿರುವ ತಾಯಿಯು ಕೈಗೂಸಾಗಿ ಎತ್ತಿ ತಂದ ಮಗುವು, ಎಲ್ಲಿಯೇ ಹುಟ್ಟಿರಲಿ, ಯಾವ ಅರ್ಜಿಯೂ ಇಲ್ಲದೆ ಇಲ್ಲಿಯ ಪ್ರಜೆಯಾಗಿರತಕ್ಕದ್ದು.’

ಅತ್ತೆ ಗೆದ್ದಿದ್ದಳು.

ಆ ಚೀಟಿ ಅಂಟಿಸಿದ ದಿನ ಅಂಟಕ್ಕನಿಗೆ ಚೆನ್ನಾಗಿ ನೆನಪಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಕತ್ತರಿ ಮೇಷ್ಟ್ರು ನಿವೃತ್ತರಾದ ತಿಂಗಳು. ಇನ್ನು ಕೋಣೆಗೆ ತಾನೇ ಯಜಮಾನಿ ಎಂಬ ಹಮ್ಮು. ಮೇಷ್ಟ್ರ ಕಾಲದ ಪುಸ್ತಕ ತೇಪೆ ಹಾಕಿದ ಹಳೇ ಅಂಗಿಯಂತೆ ಕಾಣುತ್ತದೆ, ಚೀಟಿಗೆ ಸುತ್ತಲೂ ಸ್ವಲ್ಪ ಬಿಳಿ ಅಂಚು ಬಿಟ್ಟರೆ ಅಚ್ಚುಕಟ್ಟಾಗಿರುತ್ತದೆ ಎಂದು ಅವಳಿಗೆ ತೋರಿತು. ಏಳು ಹಾಳೆ ಜೋಡಿಸಿ, ಗೆರೆಗಿಂತ ಬೆರಳಗಲ ಕೆಳಗೆ ಕತ್ತಿ ಇಳಿಸಿದಳು. ಒಂದೇ ಏಟು, ಏಳು ಪುಸ್ತಕ. ಆಗಿನ ಅಧಿಕಾರಿ ಪುಟ ನೋಡಿ, “ಭೇಷ್, ಎಷ್ಟು ಚೊಕ್ಕವಾಗಿದೆ!” ಎಂದು ಹೊಗಳಿದ್ದ. ಆ ಒಂದು ಸಲವಷ್ಟೇ. ಬಿಳಿ ಅಂಚಿಗೆ ಗೋಂದು ಜಾಸ್ತಿ ಬೇಕಾಗುತ್ತದೆ ಎಂದು ಆಮೇಲೆ ಅದನ್ನು ಬಿಟ್ಟುಬಿಟ್ಟಳು. ಮೂರನೆಯ ಉಪಕಲಮು ಮೊದಲಿನಿಂದ ಇದ್ದದ್ದು, ಅದಕ್ಕೆ ಯಾವ ತಿದ್ದುಪಡಿಯೂ ಬಂದಿರಲಿಲ್ಲ. ಚೀಟಿ ಬರದ ಸಾಲನ್ನು ಅವಳು ಎಂದೂ ಓದಿದವಳಲ್ಲ. ಇಡೀ ಕಾಯ್ದೆಯಲ್ಲಿ ಯಾರೂ ಕೈ ಹಾಕದೆ ಉಳಿದಿದ್ದ ಒಂದು ಮರ್ಯಾದಸ್ಥ ಮಾತು ಇದ್ದರೆ ಅದೇ, ಅದನ್ನೇ ಹೋಗಿ ಮುಚ್ಚಿದ್ದಳು.

ಮಿಕ್ಕವರ ಘನಂದಾರಿಯನ್ನೂ ಹೇಳಬೇಕಲ್ಲ. ಬಾಯಿಪಾಠದಿಂದ ಕಲಮು ಬಲ್ಲ ಹಳೆಯ ಅಧಿಕಾರಿಗಳು ನಾಲ್ಕೈದು ವರ್ಷದಲ್ಲಿ ನಿವೃತ್ತರಾದರು. ಹೊಸಬರು ಪುಸ್ತಕ ನೋಡಿ ತೀರ್ಪು ಬರೆದರು. ಮೇಲ್ಮನವಿ ಕೇಳುವವರು ಅದೇ ಪುಸ್ತಕದ ಇನ್ನೊಂದು ಪ್ರತಿ ನೋಡಿ ಆ ತೀರ್ಪು ಸರಿಯೆಂದು ಬರೆದರು. ಕಾಯ್ದೆ ಮಾರುವ ಅಚ್ಚುಕೂಟದವರು ಕಚೇರಿಯ ಪ್ರತಿ ನೋಡಿ ಅಚ್ಚಿನ ಮೊಳೆ ಜೋಡಿಸಿದ್ದರಿಂದ ವಕೀಲರ ಪುಸ್ತಕದಲ್ಲೂ ಮೂರು ಮಾಯ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇವರು. ಇಪ್ಪತ್ತೆರಡು ವರ್ಷ, ಅಷ್ಟೊಂದು ಕರಿಕೋಟು, ಅಷ್ಟೊಂದು ಕನ್ನಡಕ. ಎರಡಾದ ಮೇಲೆ ನಾಲ್ಕು ಹೇಗೆ ಬಂತು ಎಂದು ಕೇಳಿದವರಿಲ್ಲ.

ಒದ್ದೆ ಪುಟವನ್ನು ಅಂಟಕ್ಕ ನೋಡೋಣ ಸಾಹೇಬರ ಮುಂದಿಟ್ಟಳು. ಅವರು ಎರಡು ಸಲ ಓದಿದರು, ಎದ್ದು ಬಾಗಿಲು ಹಾಕಿಕೊಂಡು ಬಂದರು.

“ಇದು ಯಾವಾಗಿಂದ?”

“ಕಲಮು ಮೊದಲಿಂದ ಇದೆ ಸಾರ್. ನಾನು ಮುಚ್ಚಿ ಇಪ್ಪತ್ತೆರಡು ವರ್ಷ ಆಯ್ತು.”

“ಇದರ ಮೇಲೆ ಎಷ್ಟು ಜನರನ್ನ ಕಳಿಸಿದ್ದೀವಿ ಗೊತ್ತಾ?”

“ಅವರ ಫೈಲಿನ ಕಟ್ಟುಗಳು ಮೂರು ಬೀರು ತುಂಬ ಇವೆ. ದಾರ ಕಟ್ಟಿದ್ದೂ ನಾನೇ.”

ಸಾಹೇಬರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಆಮೇಲೆ ತಮ್ಮ ಜನ್ಮದಲ್ಲೇ ಮೊದಲ ಬಾರಿಗೆ ‘ನೋಡೋಣ’ ಅನ್ನದೆ ನೇರವಾಗಿ ಮಾತಾಡಿದರು. “ನಿಮ್ಮ ಯಜಮಾನರ ಫೈಲು ಇವತ್ತೇ ಮುಗಿಸ್ತೀನಿ. ದಾಖಲೆ ತೃಪ್ತಿಕರ ಅಂತ ಬರೀತೀನಿ, ಕಲಮಿನ ಸುದ್ದಿನೇ ಎತ್ತಲ್ಲ. ನೀವು ಆ ಚೀಟಿನ ಹೇಗಿತ್ತೋ ಹಾಗೇ ಅಂಟಿಸಿಬಿಡಿ. ಮೂರು ತಿಂಗಳಲ್ಲಿ ನೀವೂ ಹೊರಟ್ಹೋಗ್ತೀರಿ.”

ಆಸೆಯಾಗಲಿಲ್ಲ ಎಂದರೆ ಸುಳ್ಳು. ಅಂಟಕ್ಕ ಕೋಣೆಗೆ ಬಂದು ಕುಂಚವನ್ನು ಗೋಂದಿನಲ್ಲಿ ಅದ್ದಿಯೇಬಿಟ್ಟಳು. ಪುಟದ ಮೇಲೆ ತರುವಾಗ ಕೈ ನಿಂತಿತು. ‘ಎಲ್ಲಿದೆ ನಿನ್ನ ಕೈಗೂಸು’ ಎಂದು ಇದೇ ಮೇಜಿನಲ್ಲಿ ಕೂತು ಕೇಳಿದ ತನ್ನ ದನಿಯೇ ಅವಳಿಗೆ ಕೇಳಿಸಿತು. ಥೂ, ಎಂಥ ಕೊಬ್ಬು ಇತ್ತು ತನಗೆ! ಕುಂಚವನ್ನು ಬಟ್ಟಲಿಗೆ ಹಾಕಿ, ಪುಸ್ತಕವನ್ನು ಬಿಚ್ಚಿಟ್ಟೇ ಮನೆಗೆ ಹೋದಳು.

ದರ್ಜಿ ಎಲ್ಲವನ್ನೂ ಕೇಳಿಸಿಕೊಂಡ. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ. ಗೋಡೆಯ ಮೊಳೆಯಲ್ಲಿದ್ದ ಸಣ್ಣ ಕತ್ತರಿಯ ಕಡೆ ನೋಡಿದ.

“ಕತ್ತರಿಸೋದು ತಪ್ಪಿದ್ರೆ ಗಿರಾಕಿಗೆ ಹೇಳ್ಬೇಕು. ಒಳಗೆ ಮಡಿಚಿ ಹೊಲಿದು ಕೊಟ್ರೆ, ಅವನು ಹಾಕ್ಕೊಂಡ ದಿನ ನಾಲ್ಕು ಜನರ ಮುಂದೆ ಹರಿಯುತ್ತೆ.”

“ನಾನು ಹೇಳಿದ್ರೆ ಆತ ನಿಮ್ಮ ಫೈಲಿಗೆ ಸಹಿ ಹಾಕಲ್ಲ ಕಣ್ರೀ. ಪುಟ ತಿದ್ದಿದ್ದೀನಿ ಅಂತ ನನ್ನ ಮೇಲೇ ತಿರುಗಿಸ್ಬಹುದು. ನೀವು ಹೊಳೆ ದಾಟ್ಬೇಕಾಗುತ್ತೆ.”

“ಗೊತ್ತು.”

“ಹೆದರಿಕೆ ಇಲ್ವಾ?”

“ಇದೆ. ಆದ್ರೆ ಆ ಕತ್ತರಿ ಕೆಳಗೆ ಕೂತು ದಿನಾ ಹೊಲೀಬೇಕಾದೋನು ನಾನು,” ಎಂದ ದರ್ಜಿ.

ಮರುದಿನ ಕಚೇರಿಯ ಬಾಗಿಲು ತೆರೆಯುವ ಮುಂಚೆಯೇ ಅಂಟಕ್ಕ ಮಿಕ್ಕ ಆರು ಪುಸ್ತಕಗಳನ್ನೂ ತರಿಸಿಕೊಂಡು ಒದ್ದೆ ಬಟ್ಟೆ ಒತ್ತಿದಳು. ಗೆರೆಯ ಮೇಲೆ ಕತ್ತರಿಯಾಡಿಸಿ ಏಳು ಬಿಳಿ ಅಂಚುಗಳನ್ನು ತೆಗೆದಳು. ಹತ್ತು ಗಂಟೆಗೆ ಕಿಟಕಿಗಳ ಮುಂದೆ ಸಾಲು ನಿಂತಿತ್ತು, ಎಲ್ಲರ ಕೈಯಲ್ಲೂ ನೋಟಿಸು. ಅಂಟಕ್ಕ ಏಳು ಪುಸ್ತಕಗಳನ್ನು ಎದೆಗವಚಿಕೊಂಡು ಬಂದು ಕಟ್ಟೆಯ ಮೇಲೆ ಸಾಲಾಗಿ ಬಿಚ್ಚಿಟ್ಟು, ಮೂರನೆಯದನ್ನು ಗಟ್ಟಿಯಾಗಿ ಓದಿದಳು. “ಇದನ್ನ ಮುಚ್ಚಿದ್ದು ನಾನು,” ಎಂದಳು. “ಮೊಹರಿಲ್ಲ, ನೋಡ್ಕೊಳ್ಳಿ. ಸತ್ತಿಲ್ಲ ಇದು.” ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಊರುಗೋಲು ಹಿಡಿದ ಒಬ್ಬ ಮುದುಕ, “ಇನ್ನೊಂದ್ಸಲ ಓದಮ್ಮ,” ಎಂದ. ಮಧ್ಯಾಹ್ನದ ತನಕ ಅವಳು ಅದನ್ನೇ ಓದಿದಳು. ಮಹಡಿಯ ಮೇಲೆ ಸಾಹೇಬರು ದರ್ಜಿಯ ಫೈಲನ್ನು ಸಹಿಯಿಲ್ಲದೆ ಮುಚ್ಚಿ ಕಟ್ಟಿನ ತಳಕ್ಕೆ ಹಾಕಿದರು.

ಆಮೇಲೆ ನಡೆದದ್ದು ನೋಡಬೇಕಿತ್ತು. ಇಪ್ಪತ್ತೆರಡು ವರ್ಷ ಮಲಗಿದ್ದ ವಕೀಲರು ಒಂದೇ ದಿನಕ್ಕೆ ಎದ್ದು ಕೂತು, ತಮಗೆ ಮೊದಲಿನಿಂದಲೂ ಅನುಮಾನವಿತ್ತು ಎಂದರು. ನ್ಯಾಯಪೀಠದವರು ಅಟ್ಟದಿಂದ ಮೂಲಪ್ರತಿ ತರಿಸಿ, ಧೂಳು ಕೊಡವಿ, ಐದು ತಿಂಗಳು ಯೋಚಿಸಿ, ಎರಡರ ನಂತರ ಮೂರು ಬರುತ್ತದೆ ಎಂದು ತೀರ್ಪು ಕೊಟ್ಟರು. ಗಡೀಪಾರಿಗೆ ತಡೆ ಬಿದ್ದಿದ್ದ ಆ ಐದು ತಿಂಗಳು ದರ್ಜಿ ವಾರಕ್ಕೊಮ್ಮೆ ಠಾಣೆಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದ, ಅಂಟಕ್ಕನ ಅಮ್ಮ ಒತ್ತುತ್ತಿದ್ದ ಅದೇ ಮೇಜಿನಲ್ಲಿ, ಅದೂ ಸೋಮವಾರವೇ. ಕೊನೆಗೆ ಅವನ ಫೈಲಿಗೆ ಸಹಿ ಬಿತ್ತು. ನೋಡೋಣ ಸಾಹೇಬರಿಗೆ ಈ ನಡುವೆ ಬಡ್ತಿಯಾಗಿತ್ತು. ಅಂಟಕ್ಕನಿಗೆ ಕರ್ತವ್ಯಲೋಪದ ನೋಟಿಸು ಕೊಟ್ಟು, ಒಂದು ಲೋಟ ಚಹಾ ಸಹ ಇಲ್ಲದೆ ನಿವೃತ್ತಿ ಮಾಡಿ ಕಳಿಸಿದರು. ಅದಕ್ಕೆ ಅವಳು ತಕರಾರು ಮಾಡಲಿಲ್ಲ.

ತೀರ್ಪು ಬಂದ ಸಂಜೆಯೇ ಅವಳು ಕಾಜಾದವಳಿಗೆ ಕಾಗದ ಬರೆದಳು. ತಪ್ಪು ನನ್ನದು, ನಿನ್ನಮ್ಮ ಹೇಳಿದ್ದೇ ಸರಿ, ಬೇಗ ಬಾ, ನಿನ್ನ ಜಾಗ ಅಂಗಡಿಯಲ್ಲಿ ಹಾಗೇ ಇದೆ. ವಿಳಾಸ ಗೊತ್ತಿರಲಿಲ್ಲ. ಗಿರಣಿಯ ಹಳೆಯ ಹೆಂಗಸರನ್ನು ಹಿಡಿದು, ಅವರ ನೆಂಟರನ್ನು ಹಿಡಿದು, ಕೈಯಿಂದ ಕೈಗೆ ಕಾಗದ ಹೋಯಿತು. ಉತ್ತರಕ್ಕೆ ಕಾಯುತ್ತಿರುವಾಗಲೇ ರಾಜಧಾನಿಯ ದೊಡ್ಡವರು ಎಚ್ಚೆತ್ತುಕೊಂಡರು. ಇಂಥದೊಂದು ಕಲಮು ಬದುಕಿದೆ ಎಂದು ತಿಳಿದದ್ದೇ ತಡ, ನಾಲ್ಕನೇ ತಿಂಗಳಿಗೆ ಅದನ್ನು ಕೊಂದು ಹಾಕಿದರು. ಈ ಸಲ ವಿಧಿವತ್ತಾಗಿ, ಮೊಹರು ಸಮೇತ. ನಾಲ್ಕು ತಿಂಗಳೊಳಗೆ ಬಂದವರು ಬಚಾವಾದರು, ಮಿಕ್ಕವರು ಮಿಕ್ಕವರೇ. ಮೊಹರು ಎಲ್ಲಿಟ್ಟಿದ್ದೀರಿ ಎಂದು ಕೇಳಲು ಕಚೇರಿಯಿಂದ ಜವಾನ ಮನೆಗೆ ಬಂದಿದ್ದ. ಅಂಟಕ್ಕ, “ಹುಡುಕ್ಕೊಳ್ಳಿ, ಎಣಿಸೋಕೆ ಬರದೆ ಇದ್ರೂ ಹುಡುಕೋಕೆ ಬರುತ್ತಲ್ಲ,” ಎಂದು ಬಾಗಿಲು ಹಾಕಿಕೊಂಡಳು.

ಅದಾಗಿ ಎರಡು ವಾರಕ್ಕೆ ಆಚೆ ದಡದಿಂದ ಕಾಗದ ಬಂತು. ಬರೆದವಳು ಕಾಜಾದವಳ ಮಗಳು. ಅಂಟಕ್ಕ ಅಂಗಡಿಯ ಬಾಗಿಲಲ್ಲಿ ನಿಂತು ಗಂಡನಿಗೆ ಓದಿ ಹೇಳಿದಳು.

‘ದೊಡ್ಡಮ್ಮನವರಿಗೆ, ಅಮ್ಮನ ಹೆಸರಿಗೆ ನೀವು ಬರೆದ ಕಾಗದ ನನಗೆ ಸಿಕ್ಕಿತು. ಅಮ್ಮ ತೀರಿಕೊಂಡು ಆರು ವರ್ಷವಾಯಿತು. ನಾವು ಇಲ್ಲಿಗೆ ಬಂದ ಹೊಸದರಲ್ಲಿ ಒಬ್ಬ ವಕೀಲರು ಮೇಲ್ಮನವಿ ಹಾಕಿಕೊಡುತ್ತೇನೆ, ಮೂಲಪ್ರತಿಯನ್ನೇ ತರಿಸುತ್ತೇನೆ ಎಂದಿದ್ದರು. ಅಮ್ಮ ಒಪ್ಪಲಿಲ್ಲ. ಪುಸ್ತಕ ಅಂಟಿಸುವ ಅಕ್ಕನೇ ಪುಟ ಬಿಚ್ಚಿ ಓದಿದ್ದಾಳೆ, ಅವಳಿಗಿಂತ ಬೇಕಾ ಎಂದಳು. ನಮ್ಮಜ್ಜಿಯ ಮೇಲೆ ಅವಳಿಗೆ ಕಡೆತನಕ ಸಿಟ್ಟಿತ್ತು. ಅರ್ಜಿ ಹಾಕಲು ಸೋಮಾರಿತನವಾಗಿ ಸುಳ್ಳು ಹೇಳಿ ನನ್ನ ಬಾಳು ಹಾಳು ಮಾಡಿದಳು ಎಂದು ಸಾಯುವ ದಿನವೂ ಬೈದಳು. ಅಮ್ಮನ ಸಣ್ಣ ಕತ್ತರಿ ನಿಮ್ಮಲ್ಲೇ ಉಳಿದಿದೆಯಂತೆ. ಇದ್ದರೆ ಕಳಿಸಿ.’

ದರ್ಜಿ ಹೊಲಿಗೆ ನಿಲ್ಲಿಸಿದ. ಅಂಟಕ್ಕ ಕಾಗದವನ್ನು ಮಡಿಚಿದಳು, ಮತ್ತೆ ಬಿಚ್ಚಿದಳು. ಯಾರನ್ನು ಬೈಯಬೇಕೆಂದು ಹುಡುಕುವ ಅಭ್ಯಾಸ ಅವಳ ಬಾಯಿಗೆ ಇತ್ತು. ಸಾಹೇಬರಿದ್ದರು, ವಕೀಲರಿದ್ದರು, ರಾಜಧಾನಿಯವರಿದ್ದರು. ಯಾರ ಹೆಸರೂ ಬಾಯಿಗೆ ಬರಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು.

ಆಮೇಲೆ ಮೊಳೆಯಿಂದ ಕತ್ತರಿ ಇಳಿಸಿ, ತುಕ್ಕು ಉಜ್ಜಿ ತೆಗೆದು, ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದಳು. ಒಂದು ಕಾಗದದಲ್ಲಿ ಮಗಳ ವಿಳಾಸ ಬರೆದು, ಸುತ್ತ ಗೆರೆ ಹಾಕಿ, ಗೆರೆಯ ಮೇಲೆ ಕತ್ತರಿಸಿದಳು. ಗೋಂದು ಹಚ್ಚುವ ಮೊದಲು ಆ ಚೀಟಿಯನ್ನು ಗಂಡನ ಮುಂದೆ ಹಿಡಿದಳು.

“ಏನಾದ್ರೂ ಬಿಟ್ಟುಹೋಗಿದೆಯಾ, ಸ್ವಲ್ಪ ನೋಡಿ,” ಎಂದಳು.

ಮೂವತ್ತಾರು ವರ್ಷದಲ್ಲಿ ಅವಳು ಯಾರನ್ನೂ ಹಾಗೆ ಕೇಳಿರಲಿಲ್ಲ.